ಕಾರವಾರದಿಂದ ಒಂದು ಪ್ರಶ್ನೆ: ನನ್ನ ಸ್ವಿಂಗಿಗೆ ಯಾವ ಫರ್ಗಿವಿಂಗ್ ಐರನ್ ಸೆಟ್ ಸರಿ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ಕಾರವಾರದವನು, ವಯಸ್ಸು 41, ಎತ್ತರ 5 ಅಡಿ 4 ಇಂಚು, ಬಲಗೈ ಆಟಗಾರ. ಕಾಲೇಜಿನ ತನಕ ಕ್ರಿಕೆಟ್ ಆಡಿದವನಿಗೆ ಈಗ ಗಾಲ್ಫ್ ಹಿಡಿಸಿದೆ. ರಜೆ ಸಿಕ್ಕಾಗ ಕಾಳಿ ಸೇತುವೆ ದಾಟಿ, ಮಾಜಾಳಿ, ಪೋಳೆ ಮೇಲಿಂದ ಗೋವಾದ ಕಾಣಕೋಣದ ರಾಜಬಾಗಿಗೆ ಹೋಗಿ ಆಡುತ್ತೇನೆ. ಉಳಿದ ದಿನ ಮನೆ ಹಿತ್ತಲಲ್ಲಿ ಬಲೆ ಕಟ್ಟಿ, ಚಾಪೆ ಹಾಕಿ ಹೊಡೆಯುವುದು. ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟ ತೋರಿಸುವ ಸಂಖ್ಯೆ, ಇನ್ನೂ ಆಗಿಲ್ಲ. ಒಂದು ಸುತ್ತಿನಲ್ಲಿ ನೂರರ ಮೇಲೆ ಬೇಕಾದಷ್ಟು ಹೊಡೆತ ಆಗುತ್ತದೆ. ಚೆಂಡು ಸಾಮಾನ್ಯವಾಗಿ ಬಲಕ್ಕೆ ಬಾಗಿ ಹೋಗುತ್ತದೆ.

ಇಷ್ಟು ದಿನ ಸ್ನೇಹಿತರ ಕ್ಲಬ್ಬುಗಳಲ್ಲೇ ಆಡಿದೆ. ಈಗ ಸ್ವಂತ ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ಸೆಟ್ ಬೇಕು, ಅದೂ ಹೊಡೆತ ಸ್ವಲ್ಪ ತಪ್ಪಿದರೂ ಹೆಚ್ಚು ಕೆಡಿಸದ ಫರ್ಗಿವಿಂಗ್ ಬಗೆಯದು. ಬೆಂಗಳೂರಿನ ನಮ್ಮ ಮಾವ ತಮ್ಮ ಹಳೇ ಬ್ಲೇಡ್ (ತೆಳ್ಳಗಿನ, ಹಿಂಬದಿ ಟೊಳ್ಳಿಲ್ಲದ ತಲೆಯ) ಸೆಟ್ ಸುಮ್ಮನೇ ಕೊಡುತ್ತೇನೆ ಅಂತಿದ್ದಾರೆ. ಅಂಗಡಿಯವರು ಮಾತ್ರ ದಪ್ಪ ಸೋಲಿನ (ಸೋಲು ಅಂದರೆ ತಲೆಯ ತಳ) ಗೇಮ್ ಇಂಪ್ರೂವ್‌ಮೆಂಟ್, ಅಂದರೆ ಹೊಸಬರಿಗೆ ಸುಲಭವಾದ ಸೆಟ್ ತೋರಿಸಿ, 7 ಐರನ್ (ಸಂಖ್ಯೆ ಹೆಚ್ಚಿದಷ್ಟೂ ದೂರ ಕಡಿಮೆ) 15 ಯಾರ್ಡ್ ಜಾಸ್ತಿ ಹೋಗುತ್ತದೆ ಅಂತಾರೆ. ದುಡ್ಡು ಹಾಕುವ ಮೊದಲು ಏನೇನು ನೋಡಬೇಕು? ಕಾರವಾರದಲ್ಲಿ ಫಿಟ್ಟಿಂಗ್ (ಮೈಗೂ ಸ್ವಿಂಗಿಗೂ ತಕ್ಕ ಕ್ಲಬ್ ಅಳೆದು ಕೊಡುವುದು) ಮಾಡಿಸುವ ಸೌಕರ್ಯ ಇಲ್ಲ. ನಮ್ಮ ಜಿಲ್ಲೆಯವರು ಯಾರಾದರೂ ಹೇಳಿದರೆ ಉಪಕಾರ.

ಸದಾಶಿವಗಡ ದಡ

ತಮ್ಮಾ, ಒಳ್ಳೆ ಪ್ರಶ್ನೆ. ನೌಕಾಪಡೆಯಲ್ಲಿದ್ದಾಗ ಆಟ ಕಲಿತು, ನಿವೃತ್ತನಾಗಿ ಇಲ್ಲೇ ಉಳಿದವನು ನಾನು. ಹೊಸಬರಿಗೆ ಕ್ಲಬ್ ಆರಿಸಿಕೊಡುವುದು ನನಗೆ ಬಹಳ ಇಷ್ಟದ ಕೆಲಸ.

ಕ್ಲಬ್ಬಿನ ಹೆಸರನ್ನು ಸದ್ಯ ಬಿಡು. ಚೆಂಡು ಕ್ಲಬ್ಬಿನ ಮುಖದ ಮೇಲೆ ಎಲ್ಲಿ ತಾಗುತ್ತಿದೆ ಅನ್ನುವುದು ನಿನಗೆ ಗೊತ್ತಾ? ಅದು ಗೊತ್ತಿಲ್ಲದೆ ಯಾವ ಐರನ್ ತಗೊಂಡರೂ ಕತ್ತಲಲ್ಲಿ ಕೈ ಹಾಕಿದ ಹಾಗೆಯೇ. ಹ್ಯಾಂಡಿಕ್ಯಾಪ್ ಸಂಖ್ಯೆ ನೋಡಿ ಕ್ಲಬ್ ಆರಿಸುವವರನ್ನು ಕಂಡರೆ ನನಗೆ ಬೇಸರ. 24 ಹ್ಯಾಂಡಿಕ್ಯಾಪಿನ ಇಬ್ಬರಲ್ಲಿ ಒಬ್ಬ ಐರನ್ ಚೆನ್ನಾಗಿ ಹೊಡೆದು ಪಟ್ಟಿಂಗಿನಲ್ಲಿ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವಾಗ, ಕಳೆದುಕೊಳ್ಳುತ್ತಾನೆ, ಇನ್ನೊಬ್ಬನ ಚೆಂಡು ಮುಖದ ಮಧ್ಯಕ್ಕೆ ಬರುವುದೇ ಇಲ್ಲ. ಇಬ್ಬರಿಗೂ ಒಂದೇ ಸೆಟ್ ಹೇಗೆ ಸರಿಯಾದೀತು?

ಹೀಗೆ ಮಾಡು. ಸ್ನೇಹಿತರ 7 ಐರನ್ ತಗೊ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಮೇಲೆ ದಪ್ಪ ಗೆರೆ ಎಳೆ. ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಕಡೆ ಮುಖ ಮಾಡಿರುವ ಹಾಗೆ ಚೆಂಡು ಇಟ್ಟು ಹೊಡಿ. ಮುಖದ ಮೇಲೆ ಗೆರೆಯ ಅಚ್ಚು ಬೀಳುತ್ತದೆ. ಫೋಟೋ ತೆಗೆದು, ಒರೆಸಿ, ಮತ್ತೆ ಹೊಡಿ. ಅಚ್ಚುಗಳು ಎಲ್ಲಿ ಗುಂಪಾಗಿವೆ, ಗೆರೆ ನೆಟ್ಟಗಿದೆಯೋ ವಾಲಿದೆಯೋ ನೋಡು. ನೆಲ ಮಾತ್ರ ಸಮತಟ್ಟಾಗಿರಲಿ.

ಶಿರಸಿ ಬೇಣ

ನಾನು ಮೆಕ್ಯಾನಿಕಲ್ ಇಂಜಿನಿಯರ್. ಭಾವಾ, ಫರ್ಗಿವಿಂಗ್ ಐರನ್ ಒಳಗೆ ಎಂತ ಇರ್ತು ಹೇಳಿ ತಿಳ್ಕಂಡ್ರೆ ಅಂಗಡಿಯವರ ಮಾತನ್ನು ಅಳೆಯುವುದು ಸುಲಭ.

ಬ್ಯಾಟಿನ ಅಂಚಿಗೆ ಚೆಂಡು ತಾಗಿದಾಗ ಬ್ಯಾಟು ಕೈಯಲ್ಲೇ ತಿರುಗಿದ್ದು ನಿಮಗೆ ಕ್ರಿಕೆಟ್ಟಿನಿಂದ ಗೊತ್ತು. ಐರನ್ನಿನಲ್ಲೂ ಅದೇ ಆಗುತ್ತದೆ. ಚೆಂಡು ತುದಿಯ ಕಡೆ, ಅಂದರೆ ಟೋ ಕಡೆ ತಾಗಿದರೆ ಮುಖ ಹಿಂದಕ್ಕೆ ತಿರುಗುತ್ತದೆ, ಚೆಂಡಿಗೆ ಸೇರಬೇಕಾದ ವೇಗ ಸೋರಿಹೋಗುತ್ತದೆ. ಈ ತಿರುಗುವಿಕೆಗೆ ತಡೆ ಹೆಚ್ಚಬೇಕಾದರೆ ತೂಕವನ್ನು ಮಧ್ಯದಿಂದ ತೆಗೆದು ಅಂಚಿಗೆ ಹಾಕಬೇಕು. ಮಧ್ಯದಿಂದ ದೂರ ಎರಡು ಪಟ್ಟಾದರೆ ಅಷ್ಟೇ ತೂಕ ನಾಲ್ಕು ಪಟ್ಟು ತಡೆ ಕೊಡುತ್ತದೆ. 7 ಐರನ್ನಿನ ತಲೆ ಸುಮಾರು 270 ಗ್ರಾಂ. ಅದನ್ನು ಸಿಕ್ಕಾಪಟ್ಟೆ ಹೆಚ್ಚಿಸಲು ಬರುವುದಿಲ್ಲ, ಹಂಚಬಹುದು ಅಷ್ಟೇ. ಹಿಂಬದಿ ಟೊಳ್ಳು ತೆಗೆದ ಕ್ಯಾವಿಟಿ ಬ್ಯಾಕ್ ಹುಟ್ಟಿದ್ದು ಹೀಗೆ. ಇದನ್ನು ಜನಪ್ರಿಯ ಮಾಡಿದವರಲ್ಲಿ ದೊಡ್ಡ ಹೆಸರು ಕಾರ್ಸ್ಟನ್ ಸೋಲ್‌ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು, ಜನರಲ್ ಎಲೆಕ್ಟ್ರಿಕ್‌ನಲ್ಲಿ ಇಂಜಿನಿಯರ್ ಆಗಿದ್ದವರು. ತಮ್ಮ ಪಟ್ಟಿಂಗ್ ಸರಿಯಿಲ್ಲ ಎಂದು 1959ರಲ್ಲಿ ಹೀಲ್ (ಕೋಲು ಸೇರುವ ಬದಿ) ಮತ್ತು ಟೋ ಕಡೆಗೆ ತೂಕ ಸರಿಸಿದ ಪಟ್ಟರ್ ಮಾಡಿದರು, ಪಿಂಗ್ ಕಂಪನಿ ಬೆಳೆದದ್ದು ಅಲ್ಲಿಂದ. ಆ ವಿಚಾರವೇ ಮುಂದೆ ಐರನ್‌ಗಳಿಗೂ ಬಂತು. ಈಗ ಟಂಗ್‌ಸ್ಟನ್ ತುಂಡು ಸೇರಿಸುತ್ತಾರೆ. ಅದು ಉಕ್ಕಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರ, ಹಾಗಾಗಿ ಚಿಕ್ಕ ಜಾಗದಲ್ಲೇ ತೂಕವನ್ನು ತುದಿಗೂ ತಳಕ್ಕೂ ಒತ್ತಬಹುದು. ತೂಕ ತಳಕ್ಕೆ ಇಳಿದಷ್ಟೂ ಚೆಂಡು ಮೇಲೇಳುವುದು ಸುಲಭ.

ಇದೆಲ್ಲ ಸಹಾಯ ಮಾಡುವುದು ಮಧ್ಯ ತಪ್ಪಿದ ಹೊಡೆತಕ್ಕೆ. ಮುಖವೇ ಬಲಕ್ಕೆ ತೆರೆದು ಬರುತ್ತಿದ್ದರೆ ಯಾವ ತೂಕ ಹಂಚಿಕೆಯೂ ಅದನ್ನು ಸರಿ ಮಾಡುವುದಿಲ್ಲ. ಆಫ್‌ಸೆಟ್ ಇರುವ ಐರನ್, ಅಂದರೆ ಮುಖ ಶಾಫ್ಟಿಗಿಂತ, ಅಂದರೆ ಕೋಲಿಗಿಂತ, ಸ್ವಲ್ಪ ಹಿಂದೆ ಕೂತಿರುವಂಥದ್ದು, ಮುಖ ಮುಚ್ಚಿಕೊಳ್ಳಲು ಕೊಂಚ ಸಮಯ ಕೊಡುತ್ತದೆ. ಬಲಕ್ಕೆ ಬಾಗುವವರಿಗೆ ಅಷ್ಟು ಲಾಭ.

ಅಂಕೋಲೆಯಿಂದ ಬೆಂಗಳೂರಿಗೆ

ನನ್ನ ಅಭಿಪ್ರಾಯ ಬೇರೆ. ಮಾವ ಕೊಡುವ ಬ್ಲೇಡನ್ನು ತಗೊಳ್ಳಿ ಸರ್. ಬ್ಲೇಡಿನಲ್ಲಿ ಮಧ್ಯ ತಪ್ಪಿದರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ಕೈಗೆ ಗೊತ್ತಾದರೆ ಸ್ವಿಂಗ್ ತಿದ್ದಿಕೊಳ್ಳುತ್ತೀರಿ. ದಪ್ಪ ಐರನ್ ತಪ್ಪನ್ನು ಮುಚ್ಚಿಡುತ್ತದೆ. ನಾನು ಕಲಿತದ್ದು ಬ್ಲೇಡಿನಲ್ಲೇ, ಇವತ್ತಿಗೂ ನನ್ನ ಹೊಡೆತ ಮಧ್ಯಕ್ಕೆ ಬರುವುದಕ್ಕೆ ಅದೇ ಕಾರಣ ಅಂತ ನಂಬಿದ್ದೇನೆ.

ಸದಾಶಿವಗಡ ದಡ

ಅಂಕೋಲೆಯವರೇ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ನೀವು ಕಲಿಯುವಾಗ ವಯಸ್ಸೆಷ್ಟು, ವಾರಕ್ಕೆ ಎಷ್ಟು ದಿನ ರೇಂಜಿಗೆ ಹೋಗುತ್ತಿದ್ದಿರಿ ಅನ್ನುವುದೂ ಲೆಕ್ಕಕ್ಕೆ ಬರಬೇಕು. ನಲವತ್ತು ದಾಟಿದವನು, ನೌಕರಿ ಮುಗಿಸಿ ಬಂದು ಹಿತ್ತಲಲ್ಲಿ ಒಂದಿಷ್ಟು ಚೆಂಡು ಹೊಡೆಯುವವನು, ಬ್ಲೇಡು ಹಿಡಿದು ಕೈ ಜುಮ್ಮೆನ್ನಿಸಿಕೊಂಡರೆ ಕಲಿಯುವುದು ಭಯ. ಚೆಂಡು ಬಿಗಿಯಾಗಿ ಹೊಡೆಯಲು ಹೋಗಿ ಸ್ವಿಂಗ್ ಇನ್ನೂ ಕೆಡುತ್ತದೆ. ಎಲ್ಲಿ ತಾಗಿತು ಅನ್ನುವುದನ್ನು ಮಾರ್ಕರಿನ ಅಚ್ಚು ಕೈಗಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಕುಮಟಾ ಕಡೆಯ ಅಕ್ಕ

ನಾನೊಂದು ಮಾತು ಸೇರಿಸುತ್ತೇನೆ. ಎಲ್ಲರೂ ತಲೆಯ ಬಗ್ಗೆ ಹೇಳುತ್ತಿದ್ದೀರಿ, ಶಾಫ್ಟಿನ ಬಗ್ಗೆ ಯಾರೂ ಹೇಳಲಿಲ್ಲ.

ಉಕ್ಕಿನ ಐರನ್ ಶಾಫ್ಟ್ ಸಾಮಾನ್ಯವಾಗಿ 95 ಗ್ರಾಂನಿಂದ 130 ಗ್ರಾಂ ತನಕ ಇರುತ್ತದೆ. ಗ್ರಾಫೈಟ್ ಐವತ್ತರಿಂದ ಎಂಬತ್ತು ಗ್ರಾಂ ಆಸುಪಾಸಿನಲ್ಲೇ ಸಿಗುತ್ತದೆ. ಸುತ್ತಿನ ಕೊನೆಯ ಹೋಲುಗಳಲ್ಲಿ ತೋಳು ಸೋತಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಮೊಣಕೈ ನೋವಿರುವವರಿಗಂತೂ ಗ್ರಾಫೈಟ್ ದೊಡ್ಡ ಸಮಾಧಾನ, ಕಂಪನವನ್ನು ತಡೆಯುತ್ತದೆ.

ನಾನು ಸೆಟ್ ತಗೊಳ್ಳಲು ಹೋದಾಗ ಒಂದು ಅಂಗಡಿಯಲ್ಲಿ ನನ್ನ ಸ್ವಿಂಗ್ ನೋಡದೇ ಲೇಡೀಸ್ ಸೆಟ್ ಮುಂದಿಟ್ಟರು. ನನಗೆ ಅದು ಬೇಜಾರಾಯಿತು. ನಿಧಾನ ಸ್ವಿಂಗಿನ ಗಂಡಸರಿದ್ದಾರೆ, ಜೋರು ಸ್ವಿಂಗಿನ ಹೆಂಗಸರಿದ್ದಾರೆ. ಶಾಫ್ಟಿನ ಬಿಗುವು ಆರಿಸಬೇಕಾದದ್ದು ವೇಗ ನೋಡಿ. ಒರಟು ಲೆಕ್ಕ ಬೇಕಾದರೆ, 7 ಐರನ್ನಿನಲ್ಲಿ ಗಾಳಿಯಲ್ಲಿ ಹೋಗುವ ದೂರ 150 ಯಾರ್ಡ್ ದಾಟುವವರು ಸ್ಟಿಫ್ ನೋಡಬಹುದು, 130 ಆಸುಪಾಸಿನವರು ರೆಗ್ಯುಲರ್, ಅದಕ್ಕೂ ಬಹಳ ಕಡಿಮೆ ಇದ್ದರೆ ಹಗುರ ಗ್ರಾಫೈಟ್.

ನಿಧಾನ ಸ್ವಿಂಗಿನವರು ಇನ್ನೊಂದು ವಿಷಯದಲ್ಲಿ ಹುಷಾರಾಗಿರಬೇಕು. ಚೆಂಡು ದೂರ ಹೋಗಲಿ ಎಂದು ಲಾಫ್ಟ್ (ಮುಖ ಹಿಂದಕ್ಕೆ ವಾಲಿದ ಕೋನ) ಕಡಿಮೆ ಮಾಡಿದ ಐರನ್‌ಗಳಿವೆ. ವೇಗ ಇಲ್ಲದಿದ್ದರೆ ಅವುಗಳಲ್ಲಿ ಚೆಂಡು ಏಳುವುದಿಲ್ಲ, ತಗ್ಗಾಗಿ ಹೋಗಿ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಬಿದ್ದು ನಿಲ್ಲದೆ ಮುಂದಕ್ಕೆ ಉರುಳಿ ಹೋಗುತ್ತದೆ. ನನ್ನ ಚೀಲದಲ್ಲಿ ಐರನ್ ಶುರುವಾಗುವುದೇ 7ರಿಂದ. ಅದರ ಮೇಲೆ ಹೈಬ್ರಿಡ್‌ಗಳು, ಅಂದರೆ ದೂರದ ಐರನ್‌ಗಳ ಬದಲು ಬಳಸುವ ದಪ್ಪ ತಲೆಯ ಕ್ಲಬ್ಬುಗಳು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ಬಂದರಲ್ಲ, ಅವರು ಬಹಳ ದೂರ ಹೊಡೆಯುವವರೇ ಅಲ್ಲ. ದೂರಕ್ಕಿಂತ ಚೆಂಡು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೋಡಿ ಕ್ಲಬ್ ಇಟ್ಟುಕೊಳ್ಳಬೇಕು ಅಂತ ನನಗೆ ಅವರ ಆಟ ನೋಡಿ ಗಟ್ಟಿಯಾಯಿತು.

ಕೋಡಿಬಾಗದವ

ಅಚ್ಚಿನ ಪರೀಕ್ಷೆ ಮಾಡಿದೆ ಅಣ್ಣ. ಹೆಚ್ಚಿನವು ಟೋ ಕಡೆಗೇ ಬಿದ್ದಿವೆ, ಅದರಲ್ಲೂ ಮುಖದ ಕೆಳಭಾಗದಲ್ಲಿ. ಗೆರೆಯ ಮೇಲ್ತುದಿ ಟೋ ಕಡೆಗೆ ವಾಲಿದೆ. ಸ್ನೇಹಿತ ನನಗಿಂತ ಎತ್ತರದವನು, ಕ್ಲಬ್ ಅವನದು. ಅಕ್ಕ ಹೇಳಿದ ದೂರದ ಲೆಕ್ಕಕ್ಕೆ: ಚೆನ್ನಾಗಿ ಕೂತ 7 ಐರನ್ 130 ಯಾರ್ಡ್ ಹತ್ತಿರ. 5 ಐರನ್ ಹೊಡೆದರೂ 6ಕ್ಕಿಂತ ದೂರ ಏನೂ ಹೋಗುವುದಿಲ್ಲ.

ಸದಾಶಿವಗಡ ದಡ

ನೋಡು, ಇಷ್ಟರಲ್ಲೇ ಎಷ್ಟು ಗೊತ್ತಾಯಿತು.

ಟೋ ಕಡೆ ತಾಗುತ್ತಿದೆ ಅಂದರೆ ಶಿರಸಿಯವರು ಹೇಳಿದ ತೂಕ ಹಂಚಿಕೆ ನಿನಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹೀಲಿನಿಂದ ಟೋ ತನಕ ಉದ್ದ ಇರುವ, ಅಂಚಿಗೆ ತೂಕ ಹಾಕಿದ ಕ್ಯಾವಿಟಿ ಬ್ಯಾಕ್ ನಿನ್ನದು. ಕೆಳಭಾಗದಲ್ಲಿ ತಾಗುತ್ತಿರುವುದರಿಂದ ತೂಕ ತಳಕ್ಕಿರುವಂಥದ್ದು ನೋಡು. 5 ಐರನ್ ಬೇಡವೇ ಬೇಡ. 5 ಮತ್ತು 6ರ ನಡುವೆ ಹತ್ತು ಯಾರ್ಡಾದರೂ ಅಂತರ ಇಲ್ಲದಿದ್ದರೆ ಆ ಕ್ಲಬ್ ಚೀಲದಲ್ಲಿ ಭಾರ ಮಾತ್ರ. ಒಂದು ಹೈಬ್ರಿಡ್ ಹಾಕಿಕೊ.

ಗೆರೆ ಟೋ ಕಡೆ ವಾಲಿದೆ ಅಂದರೆ ಹೊಡೆಯುವ ಹೊತ್ತಿಗೆ ಕ್ಲಬ್ಬಿನ ತುದಿ ಮೇಲಕ್ಕೆದ್ದಿದೆ. ಲೈ, ಅಂದರೆ ಶಾಫ್ಟ್ ನೆಲದ ಜೊತೆ ಮಾಡುವ ಕೋನ, ನಿನಗೆ ತೀರಾ ನೆಟ್ಟಗಾಯಿತು. ಕುಳ್ಳಗಿರುವವರಿಗೆ ಎತ್ತರದವರ ಕ್ಲಬ್ ಕೊಟ್ಟರೆ ಆಗುವುದೇ ಹೀಗೆ. ಬಲಗೈ ಆಟಗಾರನಿಗೆ ಇಂಥ ಕ್ಲಬ್ ಚೆಂಡನ್ನು ಎಡಕ್ಕೆ ತಳ್ಳುತ್ತದೆ, ಲಾಫ್ಟ್ ಹೆಚ್ಚಿದ್ದಷ್ಟೂ ಜಾಸ್ತಿ. ಆದರೆ ನಿನ್ನ ಚೆಂಡು ಬಲಕ್ಕೆ ಹೋಗುತ್ತಿದೆ! ಅಂದರೆ ಸ್ವಿಂಗಿನ ದೋಷ ಬಲಕ್ಕೆ ಒಯ್ಯುತ್ತಿದೆ, ಕ್ಲಬ್ ಅದರಲ್ಲಿ ಸ್ವಲ್ಪವನ್ನು ಎಡಕ್ಕೆ ಎಳೆದು ತರುತ್ತಿದೆ. ಈಗಲೇ ಲೈ ಪೂರಾ ತಗ್ಗಿಸಿದರೆ ಚೆಂಡು ಇನ್ನೂ ಬಲಕ್ಕೆ ಹೋದೀತು. ನನ್ನ ಸಲಹೆ, 1 ಡಿಗ್ರಿ ಫ್ಲ್ಯಾಟ್ (ಲೈ ಅಷ್ಟು ತಗ್ಗಿದ್ದು) ತಗೊ, ಮುಂದೆ ಬೇಕಾದರೆ ಇನ್ನಷ್ಟು ಬಗ್ಗಿಸಲು ಬರುವಂಥದ್ದನ್ನೇ ಆರಿಸು. ಪಿಂಗ್‌ನವರು ಇದಕ್ಕೆ ಬಣ್ಣದ ಚುಕ್ಕಿ ಇಟ್ಟಿದ್ದಾರೆ. ಕರಿ ಚುಕ್ಕಿ ಸ್ಟ್ಯಾಂಡರ್ಡ್, ಕೆಂಪು ಅದಕ್ಕಿಂತ ಫ್ಲ್ಯಾಟ್, ನೀಲಿ ನೆಟ್ಟಗೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಚುಕ್ಕಿ ನೋಡದೇ ತಗೋಬೇಡ. ಮೆತ್ತಗಿನ ಕಾರ್ಬನ್ ಸ್ಟೀಲಿನ ಫೋರ್ಜ್ಡ್ ತಲೆಗಳು ಸುಲಭವಾಗಿ ಬಾಗುತ್ತವೆ. ಎರಕ ಹೊಯ್ದ ಗಟ್ಟಿ ಸ್ಟೇನ್‌ಲೆಸ್ ತಲೆ ಬಾಗುವುದು ಸ್ವಲ್ಪ ಮಾತ್ರ, ಅದೂ ಗೊತ್ತಿದ್ದವರ ಕೈಯಲ್ಲಿ.

ಇನ್ನು ಅಂಗಡಿಯವರ 15 ಯಾರ್ಡ್ ವಿಷಯ. ಇದನ್ನು ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ. ಸೋಲಿನ ಮೇಲೆ 7 ಎಂದು ಬರೆದ ಮಾತ್ರಕ್ಕೆ ಎಲ್ಲ 7 ಐರನ್ ಒಂದೇ ಅಲ್ಲ. ಟೈಟ್ಲಿಸ್ಟ್ 620 ಎಂಬಿ ಬ್ಲೇಡಿನ 7 ಐರನ್ 35 ಡಿಗ್ರಿ. ಪಿಂಗ್ ಜಿ430ಯ 7 ಐರನ್ 29 ಡಿಗ್ರಿ. ಆರು ಡಿಗ್ರಿ ಅಂದರೆ ಒಂದೂವರೆ ಕ್ಲಬ್ಬಿನ ವ್ಯತ್ಯಾಸ. ಹೊಸ ಐರನ್ ದೂರ ಹೋಗುವುದರಲ್ಲಿ ತೆಳು ಮುಖದ ಪಾಲೂ ಇದೆ, ಆದರೆ ದೊಡ್ಡ ಪಾಲು ಲಾಫ್ಟಿನದು. ತೂಕ ತಳಕ್ಕಿರುವುದರಿಂದ ಲಾಫ್ಟ್ ಕಡಿಮೆಯಾದರೂ ಚೆಂಡು ಏಳುತ್ತದೆ, ಅದಕ್ಕೇ ಹಾಗೆ ಮಾಡುತ್ತಾರೆ. ಮೋಸ ಏನಲ್ಲ. ಆದರೆ ಕೆಳಗಡೆ ಏನಾಗುತ್ತದೆ ನೋಡು. ಇಂಥ ಸೆಟ್ಟಿನ ಪಿಚಿಂಗ್ ವೆಜ್ (ವೆಜ್ ಅಂದರೆ ಹತ್ತಿರದ ಹೊಡೆತದ ಕ್ಲಬ್) 41, 42 ಡಿಗ್ರಿಗೆ ಬಂದುಬಿಡುತ್ತದೆ. ಸ್ಯಾಂಡ್ ವೆಜ್ 56. ಮಧ್ಯೆ 14, 15 ಡಿಗ್ರಿ ಖಾಲಿ. ಗ್ರೀನಿಗೆ 90 ಯಾರ್ಡ್ ಇದ್ದಾಗ ನಿನ್ನ ಕೈಲಿ ಕ್ಲಬ್ಬೇ ಇರುವುದಿಲ್ಲ. 49 ಆಸುಪಾಸಿನ ಒಂದು ಗ್ಯಾಪ್ ವೆಜ್ ಸೆಟ್ಟಿನ ಜೊತೆಗೇ ತಗೊ. ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್ ತನಕ ಇರಬಹುದು, ನಿನಗೆ ಅಷ್ಟೂ ಬೇಕಾಗುವುದಿಲ್ಲ.

ಹೊನ್ನಾವರ ಬಂದರು

ಸೋಲಿನ ಬಗ್ಗೆ ಯಾರಾದರೂ ಹೇಳಿ. ಅಗಲ ಇದ್ದಷ್ಟೂ ಒಳ್ಳೆಯದಾ?

ಶಿರಸಿ ಬೇಣ

ಇಲ್ಲ, ನೆಲ ನೋಡಬೇಕು. ಇದು ನಮ್ಮ ಜಿಲ್ಲೆಯವರು ವಿಶೇಷವಾಗಿ ಯೋಚಿಸಬೇಕಾದ ವಿಷಯ.

ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ನೆಲ ನೀರು ಕುಡಿದು ಮೆತ್ತಗಾಗಿರುತ್ತದೆ. ಆಗ ಚೂಪು ಅಂಚಿನ ಸಣ್ಣ ಸೋಲು ಮಣ್ಣಿಗೆ ಇಳಿದು ನಿಂತುಬಿಡುತ್ತದೆ. ಅಗಲ ಸೋಲು ಜಾರಿ ಮುಂದೆ ಹೋಗುತ್ತದೆ, ಚೆಂಡಿನ ಹಿಂದೆ ಸ್ವಲ್ಪ ನೆಲ ತಾಗಿದರೂ ಹೊಡೆತ ಪೂರಾ ಸಾಯುವುದಿಲ್ಲ. ಫೆಬ್ರವರಿ ಆಯಿತೆಂದರೆ ಚಿತ್ರ ತಿರುಗುತ್ತದೆ. ಚಿರೇಕಲ್ಲಿನ ನೆಲ ಬಿಸಿಲಿಗೆ ಕಲ್ಲಾಗುತ್ತದೆ. ನಮ್ಮ ಬೇಣದಲ್ಲಿ ಹುಲ್ಲು ಕೊಯ್ದ ಮೇಲೆ ಹೊಡೆದು ನೋಡಿದವನು ನಾನು. ಅಗಲ ಸೋಲು ಗಟ್ಟಿ ನೆಲಕ್ಕೆ ಬಡಿದು ಪುಟಿಯುತ್ತದೆ, ಮುಂದಿನ ಅಂಚು ಚೆಂಡಿನ ನಡುವಿಗೆ ತಾಗುತ್ತದೆ, ಚೆಂಡು ನೆಲ ಸವರಿಕೊಂಡು ಹೋಗುತ್ತದೆ.

ಮೇಲಿನಿಂದ ಕಡಿದಾಗಿ ಇಳಿಯುವ ಸ್ವಿಂಗಿನವರಿಗೆ ಅಗಲ ಸೋಲು ಬೇಕೇ ಬೇಕು. ಚೆಂಡನ್ನು ಗುಡಿಸಿಕೊಂಡು ಹೋಗುವ ಸ್ವಿಂಗಿನವರಿಗೆ ಮಧ್ಯಮ ಸಾಕು. ಎರಡೂ ಕಾಲಕ್ಕೆ ಆಡುವವರು ಹಿಂದಿನ ಅಂಚು ಸವೆಸಿ ದುಂಡಗೆ ಮಾಡಿದ ಮಧ್ಯಮ ಸೋಲು ನೋಡಿ ಅನ್ನುವುದು ನನ್ನ ಮಾತು. ಹೊಡೆದಾದ ಮೇಲೆ ನೆಲದಲ್ಲಿ ಬಿದ್ದ ಕುಳಿ ಎಷ್ಟು ಆಳ ಇದೆ ನೋಡಿದರೆ ನೀವು ಯಾವ ಬಗೆ ಅನ್ನುವುದು ಗೊತ್ತಾಗುತ್ತದೆ.

ಚಾಪೆ ಮೇಲೆ ಹೊಡೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ಚಾಪೆಯಲ್ಲಿ ಯಾವ ಸೋಲೂ ಜಾರುತ್ತದೆ, ಹಿಂದೆ ತಾಗಿದ ಹೊಡೆತವೂ ಚೆನ್ನಾಗಿ ಕಾಣುತ್ತದೆ. ಚೆಂಡಿನ ಹಿಂದೆ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಟವೆಲ್ ಮಡಿಸಿಟ್ಟು ಹೊಡೆಯಿರಿ. ಟವೆಲ್ ಎದ್ದು ಬಂದರೆ ನೆಲದ ಮೇಲೆ ಆ ಹೊಡೆತ ಸತ್ತಿತ್ತು ಅಂತ ಲೆಕ್ಕ.

ಹೊನ್ನಾವರ ಬಂದರು

ಚೆನ್ನಾಗಿ ಬಿಡಿಸಿ ಹೇಳಿದಿರಿ. ಹಿತ್ತಲಲ್ಲಿ ಹೊಡೆಯುವವರಿಗೆ ನನ್ನದೂ ಒಂದು ಮಾತು. ಬೈತಖೋಲ, ತದಡಿ, ಹೊನ್ನಾವರ ಎಲ್ಲ ಕಡೆ ಹಳೇ ಮೀನು ಬಲೆ ಸಿಗುತ್ತದೆ, ಬಹಳ ಜನ ಅದನ್ನೇ ಕಟ್ಟುತ್ತಾರೆ. ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ ಎಂದು ನಿಯಮ. ಬಲೆಯ ಕಣ್ಣು ಅದಕ್ಕಿಂತ ಚೆನ್ನಾಗಿ ಸಣ್ಣದಿರಲಿ. ಬಿಗಿಯಾಗಿ ಎಳೆದು ಕಟ್ಟಬೇಡಿ, ಚೆಂಡು ವಾಪಸ್ ಮುಖಕ್ಕೇ ಬರುತ್ತದೆ. ಎರಡು ಪದರ ಸಡಿಲವಾಗಿ ಇಳಿಬಿಡಿ. ಬಿಸಿಲಿಗೆ ನೈಲಾನ್ ದಾರ ಸೊರಗುತ್ತದೆ, ಆಗಾಗ ಎಳೆದು ನೋಡಿ. ಹಿಂದೆ ಮಕ್ಕಳು ಓಡಾಡುವ ಜಾಗ ಇದ್ದರೆ ದಯವಿಟ್ಟು ಬೇಡ.

ಅಂಕೋಲೆಯಿಂದ ಬೆಂಗಳೂರಿಗೆ

ಕಾರವಾರದವರ ಅಚ್ಚಿನ ವಿವರ ಓದಿದ ಮೇಲೆ ಪೂರಾ ಸೆಟ್ ಕ್ಯಾವಿಟಿ ಬ್ಯಾಕ್ ಇರಲಿ ಅಂತ ಒಪ್ಪುತ್ತೇನೆ. ಆದರೂ ಮಾವನ ಸೆಟ್ಟಿನಿಂದ 7 ಐರನ್ ಒಂದನ್ನು ಕೇಳಿ ತನ್ನಿ. ಬಲೆ ಮುಂದೆ ಅರ್ಧ ಸ್ವಿಂಗಿನಲ್ಲಿ ಅದನ್ನು ಹೊಡೆಯಿರಿ, ಕೋರ್ಸಿಗೆ ಒಯ್ಯಬೇಡಿ. ಮಧ್ಯಕ್ಕೆ ತಾಗಿದಾಗ ಬರುವ ಆ ಮೆತ್ತನೆ ಅನುಭವ ಕೈಗೆ ಗೊತ್ತಿರಬೇಕು ಅನ್ನುವ ನನ್ನ ನಂಬಿಕೆಯನ್ನು ನಾನು ಬಿಡುವುದಿಲ್ಲ.

ಸದಾಶಿವಗಡ ದಡ

ಅರ್ಧ ಸ್ವಿಂಗಿಗೆ ಒಪ್ಪಿದೆ.

ತಮ್ಮಾ, ಹೊಸ ಸೆಟ್ಟೇ ಬೇಕು ಅಂತಿಲ್ಲ. ನಾಲ್ಕೈದು ವರ್ಷ ಹಳೆಯ ಒಳ್ಳೆ ಕ್ಯಾವಿಟಿ ಬ್ಯಾಕ್ ನಿನ್ನ ಕೆಲಸಕ್ಕೆ ಧಾರಾಳ. 8, 9 ಐರನ್ ಮತ್ತು ವೆಜ್‌ನ ಗ್ರೂವ್ (ಮುಖದ ಮೇಲಿನ ಕೊರೆದ ಗೆರೆ) ಮೇಲೆ ಉಗುರು ಎಳೆದು ನೋಡು, ಅಂಚು ಹಿಡಿಯಬೇಕು. ಸವೆದಿದ್ದರೆ ಬಿಡು. ಶಾಫ್ಟುಗಳೆಲ್ಲ ಒಂದೇ ಬಗೆಯವಾ, ಮಧ್ಯೆ ಯಾವುದನ್ನಾದರೂ ಬದಲಿಸಿದ್ದಾರಾ, ಪಕ್ಕಪಕ್ಕ ಇಟ್ಟು ನೋಡು. ನಂಬಲಾರದಷ್ಟು ಕಡಿಮೆ ಬೆಲೆಗೆ ಹೊಚ್ಚಹೊಸ ಸೆಟ್ ಎಂದು ಆನ್‌ಲೈನಿನಲ್ಲಿ ಬಂದರೆ ನಕಲಿ ಇರುವ ಸಂಭವ ಹೆಚ್ಚು. ಬಿಲ್ ಇಲ್ಲದ್ದು ಬೇಡ.

ಕುಮಟಾ ಕಡೆಯ ಅಕ್ಕ

ತಗೊಳ್ಳುವ ಮೊದಲು ಚೆಂಡು ಹೊಡೆದು ನೋಡಲು ಬಿಡುತ್ತಾರಾ ಕೇಳಿ ತಮಾ. ಅದೇ ಮಾರ್ಕರ್ ಜೇಬಲ್ಲಿ ಇಟ್ಟುಕೊಂಡು ಹೋಗು. ಎರಡು ಸೆಟ್ಟಿನ 7 ಐರನ್ ಹೊಡೆಯುವಾಗ ಅತಿ ದೂರ ಹೋದ ಒಂದು ಹೊಡೆತವನ್ನು ನೋಡಬೇಡ. ಕೆಟ್ಟ ಹೊಡೆತ ಯಾವುದರಲ್ಲಿ ಕಡಿಮೆ ಕೆಟ್ಟಿತು, ಹತ್ತು ಚೆಂಡು ಯಾವುದರಲ್ಲಿ ಹತ್ತಿರ ಹತ್ತಿರ ಬಿದ್ದವು, ಅದನ್ನು ನೋಡು.

ಕೋಡಿಬಾಗದವ

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಈಗ ಹೀಗೆ ಅಂದುಕೊಂಡಿದ್ದೇನೆ: 6ರಿಂದ ಪಿಚಿಂಗ್ ವೆಜ್ ತನಕ ಸೆಕೆಂಡ್ ಹ್ಯಾಂಡ್ ಕ್ಯಾವಿಟಿ ಬ್ಯಾಕ್, ಮಧ್ಯಮ ಸೋಲು, 1 ಡಿಗ್ರಿ ಫ್ಲ್ಯಾಟ್, ರೆಗ್ಯುಲರ್ ಶಾಫ್ಟ್. ಮೇಲೆ ಒಂದು ಹೈಬ್ರಿಡ್, ಕೆಳಗೆ ಗ್ಯಾಪ್ ವೆಜ್. ಮುಂದಿನ ತಿಂಗಳು ಬೆಂಗಳೂರಿಗೆ ಹೋಗುವುದಿದೆ, ಅಲ್ಲಿ ಹೊಡೆದು ನೋಡಿಯೇ ತರುತ್ತೇನೆ. ಮಾವನ ಹತ್ತಿರ 7 ಐರನ್ನೂ ಕೇಳುತ್ತೇನೆ. ಕೊನೆಯದಾಗಿ ಒಂದೇ ಪ್ರಶ್ನೆ, ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ತುಕ್ಕಿಗೆ ಏನು ಮಾಡುತ್ತೀರಿ?

ಸದಾಶಿವಗಡ ದಡ

ಆಡಿ ಬಂದ ತಕ್ಷಣ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ತಲೆಯನ್ನೂ ಶಾಫ್ಟನ್ನೂ ಒರೆಸು, ಆಮೇಲೆ ಒಣ ಬಟ್ಟೆ. ಉಪ್ಪು ಗಾಳಿ ಕ್ರೋಮ್ ಪದರ ಗೀರಿದ ಜಾಗವನ್ನು ಮೊದಲು ಹಿಡಿಯುತ್ತದೆ, ಅಲ್ಲಿ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರು. ಮುಖಕ್ಕೆ ಎಣ್ಣೆ ಬೇಡ. ಕ್ರೋಮ್ ಇಲ್ಲದ ರಾ ಫಿನಿಶ್ ವೆಜ್ ನಮ್ಮ ಕರಾವಳಿಯಲ್ಲಿ ಬಲು ಬೇಗ ಕೆಂಪಾಗುತ್ತದೆ, ಬೇಡದಿದ್ದರೆ ಕ್ರೋಮ್‌ನದೇ ತಗೊ. ಮಳೆಗಾಲದಲ್ಲಿ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡ, ಒದ್ದೆ ಐರನ್ ಕವರ್ ಹಾಕಿಡಬೇಡ. ಗ್ರಿಪ್ ದಾರ ಸೇರಿಸಿದ ಕಾರ್ಡ್ ಬಗೆಯದು ಹಾಕಿಸಿದರೆ ಬೆವರಿಗೂ ಮಳೆಗೂ ಕೈ ಜಾರುವುದಿಲ್ಲ. ಸೆಟ್ ತಂದ ಮೇಲೆ ಮತ್ತೆ ಅಚ್ಚಿನ ಫೋಟೋ ಹಾಕು, ಲೈ ಇನ್ನೂ ತಗ್ಗಿಸಬೇಕಾ ನೋಡೋಣ.